ಆ ಹಳೇ ವಿಡಿಯೋ ಸಾಕು ಮಾಡಿ ಸ್ವಾಮಿ

ಈ ಕಡೆ ಬಂದು ಬಹಳ ದಿನ ಆಯ್ತು. ಹೋದ ವರ್ಷ ಮಗನ ಬಲಭುಜದ ಆಪರೇಷನ್ ಬಗ್ಗೆ ಬರೆದಾಗ ನೀವೆಲ್ಲ ಧೈರ್ಯ ಹೇಳಿದ್ರಿ, ಅದನ್ನ ಮರೆತಿಲ್ಲ. ಇವತ್ತು ಧೈರ್ಯ ಕೇಳೋಕೆ ಬಂದಿಲ್ಲ, ಸಿಟ್ಟು ಇಳಿಸ್ಕೊಳ್ಳೋಕೆ ಬಂದಿದೀನಿ :)

ಮೊನ್ನೆ ಶನಿವಾರ ಇಲ್ಲಿ ನ್ಯೂಜೆರ್ಸಿಯ ಮೈದಾನದಲ್ಲಿ ಬೇಲಿ ಪಕ್ಕ ಕಾಫಿ ಹಿಡಿದು ನಿಂತಿದ್ದೆ. ಮಗ ಇಪ್ಪತ್ತೈದು ಚೆಂಡು ಎಸೆದ. ಆಮೇಲೆ ಕೋಚ್ ಅವನನ್ನ ಕರೆದು ಫೋನ್ ತೋರಿಸಿದ್ರು. ಎರಡು ವರ್ಷದ ಹಿಂದಿನ ವಿಡಿಯೋ. "ನೋಡು, ಆಗ ನಿನ್ನ ಕೈ ಹಿಂದಕ್ಕೆ ಎಷ್ಟು ಬಾಗ್ತಿತ್ತು! ಈಗ ಅರ್ಧದಲ್ಲೇ ನಿಲ್ಲಿಸ್ತಿದೀಯ. ಇದನ್ನ ಹಂಗೇ ವಾಪಸ್ ತರಬೇಕು." ಹದಿನೇಳರ ಹುಡುಗ ತಲೆ ಆಡಿಸಿದ. ಕಾರಲ್ಲಿ ಮನೆ ತಲುಪೋವರೆಗೂ ಒಂದು ಮಾತಿಲ್ಲ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸಬೇಕು. ಕ್ರಿಕೆಟ್ ಬೌಲರ್‌ನ ಮನಸ್ಸಲ್ಲಿಟ್ಕೊಂಡು ಓದಬೇಡಿ. ಅಲ್ಲಿ ಚೆಂಡು ಬಿಡುವಾಗ ಮೊಣಕೈ ಬಿಚ್ಚಿದರೆ ಚಕ್ಕಿಂಗ್ ಅಂತಾರೆ, ಇಲ್ಲಿ ಚಕ್ಕಿಂಗೇ ಆಟ. ಚಿಕ್ಕವರಿದ್ದಾಗ ಮಾವಿನಕಾಯಿಗೆ ಗುರಿ ಇಟ್ಟು ಕಲ್ಲು ಬೀರ್ತಿದ್ವಲ್ಲ, ಅದೇ ಎಸೆತ, ಅದರ ಮುತ್ತಜ್ಜ ಅನ್ನಿ. ಪಿಚರ್‌ನ ಕಾಲು ಮುಂದೆ ಬಂದು ಊರತ್ತೆ, ಸೊಂಟ ತಿರುಗತ್ತೆ, ಎದೆ ತಿರುಗತ್ತೆ, ಕೈ ಮಾತ್ರ ಹಿಂದೆ ಉಳಿಯತ್ತೆ. ಆ ಗಳಿಗೇಲಿ ಮುಂಗೈ ಹಿಂದಕ್ಕೆ ಮಲಗಿ ಹೆಚ್ಚುಕಮ್ಮಿ ನೆಲಕ್ಕೆ ಸಮ ಆಗತ್ತೆ, ಅಂದ್ರೆ ಸುಮಾರು 180 ಡಿಗ್ರಿ. (ಭುಜ ಒಂದೇ ಅಷ್ಟು ತಿರುಗಲ್ಲ, ಬೆನ್ನೂ ಹೆಗಲಮೂಳೆಯೂ ಸೇರಿ ಆ ಲೆಕ್ಕ.) ಅಲ್ಲಿಂದ ಮುಂದಕ್ಕೆ ಚಿಮ್ಮುವ ವೇಗ ಸೆಕೆಂಡಿಗೆ 7000 ಡಿಗ್ರಿ ಆಸುಪಾಸು. ಹಾಗೇ ಸುತ್ತುತ್ತಾ ಹೋದರೆ ಒಂದು ಸೆಕೆಂಡಲ್ಲಿ ಹತ್ತೊಂಬತ್ತು ಸುತ್ತು! ಚೆಂಡು ಕೈಬಿಟ್ಟ ಮೇಲೆ ತೋಳನ್ನ ಭುಜದ ಗೂಡಿಂದ ಕೀಳುವ ಎಳೆತ ಆ ಮನುಷ್ಯನ ಮೈತೂಕದಷ್ಟೇ ಇರತ್ತೆ. ಪ್ರತಿ ಎಸೆತಕ್ಕೂ.

ಇನ್ನು ಆ ಗೂಡು. ಸೊಂಟದ ಕೀಲಿನ ಥರ ಆಳವಾದ್ದಲ್ಲ ಅದು, ತಟ್ಟೆ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಹಣ್ಣು ಜಾರದೇ ಇರಲಿ ಅಂತ ತಟ್ಟೆ ಅಂಚಿಗೆ ಒಂದು ಮೆತ್ತನೆಯ ಕಟ್ಟೆ ಇದೆ, ಅದೇ ಲೇಬ್ರಮ್. ತೋಳಿನ ಮುಂದಿನ ಸ್ನಾಯು ಬೈಸೆಪ್ಸ್ ಇದೆಯಲ್ಲ, ಅದರ ಒಂದು ನರದಂಥ ಹುರಿ ಈ ಕಟ್ಟೆಯ ಮೇಲ್ತುದಿಗೆ ಅಂಟಿಕೊಂಡಿರತ್ತೆ. ಕೈ ಹಿಂದಕ್ಕೆ ಪೂರ್ತಿ ಮಲಗಿದಾಗ ಆ ಹುರಿ ತಿರುಚಿಕೊಂಡು ಕಟ್ಟೆಯನ್ನ ಸಿಪ್ಪೆ ಸುಲಿದ ಹಾಗೆ ಎಬ್ಬಿಸತ್ತೆ. ನನ್ನ ಮಗನಿಗೆ ಆಗಿದ್ದು ಇದೇ. ಸರ್ಜನ್ ಮೂಳೆಗೆ ಪುಟ್ಟ ಮೊಳೆಗಳಂಥವನ್ನ ಕೂರಿಸಿ, ಕಟ್ಟೆಯನ್ನ ಎಳೆದು ಹೊಲಿದರು.

ಈಗ ನನ್ನ ಪ್ರಶ್ನೆ. ಯಾವ ಭಂಗಿಯಲ್ಲಿ ಅದು ಕಿತ್ತುಬಂತೋ, ಹೊಲಿಗೆ ಹಾಕಿದ ಮೇಲೆ ಅದೇ ಭಂಗಿಗೆ ವಾಪಸ್ ಹೋಗು ಅಂತ ಹುಡುಗನಿಗೆ ಹೇಳೋದು ಯಾವ ಸೀಮೆ ಬುದ್ಧಿವಂತಿಕೆ?

ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಚರ್‌ಗಳ ಎಸೆತವನ್ನ ಕ್ಯಾಮೆರಾ ಹಾಕಿ ಅಳೆಯುವ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್ ಇದೆ. ಅಲ್ಲಿಯವರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಈ ಹೊಲಿಗೆ ಹಾಕಿಸ್ಕೊಂಡ ಪಿಚರ್‌ಗಳನ್ನ ಭುಜ ನೆಟ್ಟಗಿದ್ದ ಪಿಚರ್‌ಗಳ ಜೊತೆ ಹೋಲಿಸಿದ್ರು. ಆಪರೇಷನ್ ಆದವರ ಕೈ ಹಿಂದಕ್ಕೆ ಮಲಗೋದು ಸುಮಾರು ಒಂಬತ್ತು ಡಿಗ್ರಿ ಕಮ್ಮಿ. ಕಾಲೂರುವಾಗ ಮೊಣಕೈ ಬೆನ್ನ ಹಿಂದಕ್ಕೆ ಹೋಗೋದೂ ಕಮ್ಮಿ, ಚೆಂಡು ಬಿಡುವಾಗ ಮೈ ಮುಂದಕ್ಕೆ ಬಾಗೋದೂ ಕಮ್ಮಿ. ಇವರೆಲ್ಲ ಕಾಲೇಜು, ವೃತ್ತಿಪರ ಮಟ್ಟದ ಹುಡುಗರು, ಸೋಮಾರಿಗಳಲ್ಲ. ಆಪರೇಷನ್ ಆದವರು ಬರೀ ಹದಿಮೂರು ಜನ, ಅವರು ಮೊದಲೂ ಹಾಗೇ ಎಸೀತಿದ್ರೋ ಅನ್ನೋದನ್ನ ಈ ಹೋಲಿಕೆ ಹೇಳಲ್ಲ. ಒಪ್ಪಿದೆ. ಆದರೂ ಮೈದಾನದಲ್ಲಿ ಕೋಚ್ ಬೈತಿರೋ "ತಪ್ಪು" ಅಲ್ಲಿ ಅಳತೆಯಾಗಿ ಕೂತಿದೆ. ಭುಜ ಈಗ ಇರೋದೇ ಹಾಗೆ ಅಂತ ಯಾಕೆ ಒಪ್ಪಬಾರದು?

ನಮ್ಮ ಕನ್ನಡ ಗೆಳೆಯರೊಬ್ಬರು, ಅವರ ಮಗನೂ ಅದೇ ಟೀಮು, "ಏನಿಲ್ಲ ಕಣ್ರೀ, ಹುಡುಗನಿಗೆ ಹೆದರಿಕೆ. ಹೆದರಿಕೆ ಬಿಟ್ರೆ ಕೈ ತಾನಾಗೇ ಹೋಗತ್ತೆ" ಅಂದ್ರು. ನನಗೆ ಮೈ ಉರಿದಿದ್ದು ಇದಕ್ಕೇ. ಹೆದರಿಕೆ ಇರಬಹುದು ಸಾರ್, ಯಾಕಿರಬಾರದು? ಒಂದು ರಾತ್ರಿ ಶರ್ಟು ತೆಗೆಯೋಕೂ ಆಗದೆ ಅವರಮ್ಮನ ಮುಂದೆ ಅತ್ತ ಹುಡುಗ ಅವನು. ಆದ್ರೆ ಮೊನ್ನೆ ಫಿಸಿಯೋ ಅವನನ್ನ ಮಂಚದ ಮೇಲೆ ಮಲಗಿಸಿ, ಅವನ ಕೈಯನ್ನ ತಾವೇ ಹಿಡಿದು ತಿರುಗಿಸಿದಾಗ್ಲೂ ಅದು ಅಲ್ಲೇ ನಿಲ್ತು. ಮಲಗಿದವನ ಕೈಗೆ ಯಾವ ಹೆದರಿಕೆ?

ಈ "ಮೆಕ್ಯಾನಿಕ್ಸ್" ಅನ್ನೋ ಪದವೇ ಇಲ್ಲಿ ಒಂದು ದೇವರಾಗಿಬಿಟ್ಟಿದೆ. ಶಿಕಾಗೊ ಕಬ್ಸ್‌ನ ಮಾರ್ಕ್ ಪ್ರಯರ್‌ದು ಪರಿಪೂರ್ಣ ಮೆಕ್ಯಾನಿಕ್ಸ್ ಅಂತ ಕೊಂಡಾಡಿದ್ದೇ ಕೊಂಡಾಡಿದ್ದು. 2003ರಲ್ಲಿ 18 ಗೆಲುವು, 6 ಸೋಲು, 245 ಸ್ಟ್ರೈಕ್‌ಔಟ್. ಅದೇ ವರ್ಷ ಇನ್ನೂ ಎಳೇ ಹುಡುಗನ ಕೈಲಿ 211 ಇನ್ನಿಂಗ್ಸ್‌ಗೂ ಮೇಲೆ ಎಸೆಸಿದ್ರು, ಅದರ ಮೇಲೆ ಪ್ಲೇಆಫ್ ಬೇರೆ. 2006ರ ನಂತರ ಅವನು ದೊಡ್ಡ ಲೀಗ್‌ನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ, 2007ರಲ್ಲಿ ಭುಜದ ಆಪರೇಷನ್ ಆಯ್ತು. ತಮಾಷೆ ಏನು ಗೊತ್ತಾ? ಪರಿಪೂರ್ಣ ಅಂತ ಹೊಗಳಿಸಿಕೊಂಡ ಅದೇ ಎಸೆತದಲ್ಲಿ ಆಮೇಲೆ ದೋಷ ಹುಡುಕಿದ್ರು, ಮೊಣಕೈ ಮೇಲೇಳೋ ರೀತಿಯೇ ಸರಿಯಿಲ್ಲ ಅಂತ. ಬೇಲಿ ಮೇಲೆ ಕೂತವರಿಗೆ ಎರಡೂ ಕಡೆ ಇಳಿಯೋಕೆ ಬರತ್ತೆ.

"ಹಾಗಾದ್ರೆ ರೋಜರ್ ಕ್ಲೆಮೆನ್ಸ್?" ಅಂತಾರೆ. ಹೌದು, 1985ರಲ್ಲಿ ಭುಜದ ಆಪರೇಷನ್, 1986ರಲ್ಲಿ 24 ಗೆಲುವು, 4 ಸೋಲು, ಒಂದೇ ಪಂದ್ಯದಲ್ಲಿ 20 ಸ್ಟ್ರೈಕ್‌ಔಟ್. ಆದ್ರೆ ಅವನಿಗೆ ಮಾಡಿದ್ದು ಹರಿದ ಸಣ್ಣ ಚೂರನ್ನ ತೆಗೆದ ಕೆಲಸ. ಕಿತ್ತ ಕಟ್ಟೆಯನ್ನ ಮೂಳೆಗೆ ಹೊಲಿಯೋದೂ ಅದೂ ಒಂದೇನಾ? ಭುಜದ ಆಪರೇಷನ್ ಅನ್ನೋದು ಒಂದು ಹೆಸರು ಅಷ್ಟೇ, ಒಳಗೆ ಹತ್ತು ಥರ. ಮೆಟ್ಸ್‌ನ ಯೋಹಾನ್ ಸಾಂಟಾನಾಗೆ ಹರಿದಿದ್ದು ಕೀಲಿನ ಮುಂದಿನ ಚೀಲ. 2010ರಲ್ಲಿ ಹೊಲಿದ್ರು, 2011 ಪೂರ್ತಿ ಹೋಯ್ತು. 2012ರ ಜೂನ್ 1ರಂದು 134 ಚೆಂಡು ಎಸೆದು ಆ ಟೀಮಿನ ಚರಿತ್ರೆಯಲ್ಲೇ ಮೊದಲ ನೋ-ಹಿಟ್ಟರ್ ಕೊಟ್ಟ. ಊರೆಲ್ಲ ಕುಣೀತು, ಹಳೇ ಸಾಂಟಾನಾ ಬಂದ ಅಂತ. 2013ರಲ್ಲಿ ಅದೇ ಚೀಲ ಮತ್ತೆ ಹರೀತು. ಆಮೇಲೆ ದೊಡ್ಡ ಲೀಗ್‌ಗೆ ಅವನು ಬರಲೇ ಇಲ್ಲ. ಆ ರಾತ್ರಿಯಿಂದಲೇ ಹಾಗಾಯ್ತು ಅಂತ ನಾನು ಹೇಳ್ತಿಲ್ಲ. "ಹಳೇ" ಅನ್ನೋ ಪದ ಮಾತ್ರ ನನಗೆ ಕೇಳೋಕೆ ಆಗಲ್ಲ.

ನನಗೆ ಆಸೆ ಕೊಡೋನು ಕೊರಿಯಾದ ರ್‍ಯು ಹ್ಯುನ್-ಜಿನ್. 2015ರಲ್ಲಿ ಲೇಬ್ರಮ್ ಹೊಲಿಸ್ಕೊಂಡ. 2016ರಲ್ಲಿ ಒಂದೇ ಒಂದು ಪಂದ್ಯ, ಅದೂ ಸೋಲು. ಜನ ಮುಗೀತು ಅಂದ್ರು. ಅವನು ವೇಗದ ಹಿಂದೆ ಓಡಲಿಲ್ಲ. ಕಟರ್ ರೂಢಿಸ್ಕೊಂಡ, ಮೂಲೆ ಹುಡುಕಿ ಚೆಂಡು ಇಟ್ಟ, ಗಂಟೆಗೆ 90 ಮೈಲಿ ಆಸುಪಾಸಿನ ಫಾಸ್ಟ್‌ಬಾಲ್ ಇಟ್ಕೊಂಡೇ 2019ರಲ್ಲಿ 2.32ರ ಇಆರ್‌ಎ ಗಳಿಸಿದ. ಆ ವರ್ಷ ಇಡೀ ಮೇಜರ್ ಲೀಗ್‌ನಲ್ಲಿ ಅದಕ್ಕಿಂತ ಕಮ್ಮಿ ಯಾರದ್ದೂ ಇರಲಿಲ್ಲ.

ಕೋಚ್ ಕೆಟ್ಟವರಲ್ಲ, ಹುಡುಗನ ಮೇಲೆ ಪ್ರೀತಿ ಇದೆ. ಮೆಕ್ಯಾನಿಕ್ಸ್ ತಿದ್ದಲೇಬಾರದು ಅಂತಲೂ ನನ್ನ ವಾದ ಅಲ್ಲ. ತಿದ್ದಲಿ. ಸೊಂಟ ಬೇಗ ತಿರುಗ್ತಿದೆಯಾ, ಹೆಗಲಮೂಳೆ ಹಿಡಿದಿಡೋ ಸ್ನಾಯು ಸೋತಿದೆಯಾ, ಕಾಲಿಗೆ ಬಲ ಬಂದಿದೆಯಾ, ಅದೆಲ್ಲ ನೋಡಲಿ. ಫಿಸಿಯೋ ಇವತ್ತು ಅಳೆದು ಕೊಟ್ಟ ಡಿಗ್ರಿ ಎಷ್ಟೋ ಅಷ್ಟರೊಳಗೆ ಒಂದು ಹೊಸ ಎಸೆತ ಕಟ್ಟಲಿ. ಭುಜ ಕೊಡದೇ ಇರೋದನ್ನ ಬಲವಂತವಾಗಿ ಕೇಳಿದ್ರೆ ಆ ಹೊರೆ ಮೊಣಕೈಗೆ ಹೋಗಿ ಕೂರತ್ತೆ ಅನ್ನೋದು ನನ್ನ ಭಯ. ಇನ್ನೊಂದು ಆಪರೇಷನ್ ನೋಡೋ ಶಕ್ತಿ ನನ್ನಾಕೆಗೂ ಇಲ್ಲ, ನನಗೂ ಇಲ್ಲ.

ನಿನ್ನೆ ಸಂಜೆ ಹಿತ್ತಲಲ್ಲಿ ಅವನೂ ನಾನೂ ಅರವತ್ತು ಅಡಿ ದೂರದಲ್ಲಿ ನಿಂತು ಎಸೆದಾಡಿದ್ವಿ. ಕೈ ಅವನಿಗೆ ಬಂದಷ್ಟೇ ಹಿಂದಕ್ಕೆ ಹೋಗ್ತಿತ್ತು. "ಅಪ್ಪ, ಹೀಗೆ ಎಸೆದ್ರೆ ನೋವಿಲ್ಲ, ಆದ್ರೆ ಇದು ತಪ್ಪಂತೆ" ಅಂದ. ಚೆಂಡು ನನ್ನ ಗ್ಲೌಸಿಗೆ ಸರಿಯಾಗೇ ಬಂದು ಬೀಳ್ತಿತ್ತು.

ನಾಡಿದ್ದು ಸಂಜೆ ಕೋಚ್ ಸಿಗ್ತಾರೆ. ಫಿಸಿಯೋ ಕೊಟ್ಟ ಚೀಟಿ ತಗೊಂಡು ಹೋಗ್ತಿದೀನಿ. ಆ ವಿಡಿಯೋ ಡಿಲೀಟ್ ಮಾಡಿ ಅಂತ ಕೇಳ್ತೀನಿ.