ಒಂದು ಮಿಲಿಮೀಟರ್ ಗೋಡೆಯ ಲೆಕ್ಕ ಕೊಪ್ಪಳಕ್ಕೂ ಬೇಕು

ಕೊಪ್ಪಳ ತಾಲ್ಲೂಕಿನ ಅರಸಿನಕೇರಿ ಬಳಿ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ನೋಡುತ್ತಿದ್ದಾರೆಂಬ ಸುದ್ದಿ ಬಂದಂದಿನಿಂದ ಜಿಲ್ಲೆಯಲ್ಲಿ ಎರಡೇ ಬಗೆಯ ಮಾತು. ಒಬ್ಬರು ಚೆರ್ನೋಬಿಲ್, ಫುಕುಶಿಮಾ ಎನ್ನುತ್ತಾರೆ. ಇನ್ನೊಬ್ಬರು ಕೆಲಸ, ಕರೆಂಟು ಎನ್ನುತ್ತಾರೆ. ಸ್ಥಾವರದ ಒಳಗಿನ ಕೊಳವೆಗಳ ಬಗ್ಗೆ ಯಾರೂ ಕೇಳುತ್ತಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದು.

ನಮ್ಮದೇ ರಾಜ್ಯದ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ರಿಯಾಕ್ಟರಿನಲ್ಲಿ ಕಾದ ಭಾರಜಲ ಉಗಿ ಉತ್ಪಾದಕಕ್ಕೆ ಬಂದು ಸಾವಿರಾರು ಸಣ್ಣ ಕೊಳವೆಗಳೊಳಗೆ ಹರಿಯುತ್ತದೆ. ಹೊರಗಿನ ಸಾಮಾನ್ಯ ನೀರು ಆ ಶಾಖಕ್ಕೆ ಕುದಿದು, ಉಗಿಯಾಗಿ ಟರ್ಬೈನ್ ತಿರುಗಿಸುತ್ತದೆ. ವಿಕಿರಣ ಬೆರೆತ ನೀರಿಗೂ ಟರ್ಬೈನಿಗೆ ಹೋಗುವ ಉಗಿಗೂ ನಡುವೆ ಇರುವುದು ಸುಮಾರು ಒಂದು ಮಿಲಿಮೀಟರ್ ದಪ್ಪದ ಲೋಹ. ಕೊಳವೆ ಒಡೆದರೆ ಒಳಗಿನ ನೀರು ಉಗಿಯ ದಾರಿ ಹಿಡಿಯುತ್ತದೆ. ಆ ದಾರಿ ರಿಯಾಕ್ಟರಿನ ಕಾಂಕ್ರೀಟ್ ಗುಮ್ಮಟವನ್ನು ದಾಟಿ ಹೊರಗೆ ಹೋಗುವಂಥದ್ದು.

ಕೊಳವೆಯಲ್ಲಿ ದೋಷ ಕಂಡ ಮಾತ್ರಕ್ಕೆ ಅಪಾಯ ಬಂತೆಂದಲ್ಲ. ತುಕ್ಕು, ಕಂಪನದ ಸವೆತ, ಕೂದಲೆಳೆಯಂಥ ಬಿರುಕು ಕಾಲಕ್ರಮದಲ್ಲಿ ಬರುತ್ತವೆ. ಎಡ್ಡಿ ಕರೆಂಟ್ ಎಂಬ ವಿದ್ಯುತ್ಕಾಂತೀಯ ತಪಾಸಣೆಯಲ್ಲಿ ಅವುಗಳ ಆಳ ಅಳೆಯುತ್ತಾರೆ. ಗೋಡೆಯ ಶೇ 40ರಷ್ಟು ಸವೆದರೆ ಕೊಳವೆಗೆ ಪ್ಲಗ್ ಹಾಕಿ ಮುಚ್ಚುವುದು ಅಮೆರಿಕದ ರೂಢಿ. ಬಳಕೆಯಲ್ಲಿ ಉಳಿದ ಕೊಳವೆ ಮಾಮೂಲಿ ಒತ್ತಡದ ಮೂರು ಪಟ್ಟನ್ನು ತಾಳಬೇಕು ಎನ್ನುವುದೂ ಅಲ್ಲಿನ ಅಳತೆಗೋಲು.

ಜೋಡಣೆಯಲ್ಲೋ ತಪಾಸಣೆಯಲ್ಲೋ ತಪ್ಪಾದಾಗ ಏನಾಗುತ್ತದೆ? ಜಪಾನಿನ ಮಿಹಾಮಾ ಅಣು ಸ್ಥಾವರದಲ್ಲಿ 1991ರ ಫೆಬ್ರವರಿ 9ರಂದು ಒಂದು ಕೊಳವೆ ತುಂಡಾಯಿತು. ಕಂಪನ ತಡೆಯುವ ಪಟ್ಟಿಯನ್ನು ಜೋಡಿಸುವಾಗಲೇ ಸರಿಯಾಗಿ ಕೂರಿಸಿರಲಿಲ್ಲ. ನ್ಯೂಯಾರ್ಕ್ ಸಮೀಪದ ಇಂಡಿಯನ್ ಪಾಯಿಂಟ್ ಸ್ಥಾವರದಲ್ಲಿ 2000ದ ಫೆಬ್ರವರಿ 15ರಂದು ಕೊಳವೆ ಸೋರಿತು. ಆ ಬಿರುಕಿನ ಸುಳಿವು 1997ರ ತಪಾಸಣೆಯ ದಾಖಲೆಯಲ್ಲೇ ಇತ್ತು; ಓದಿದವರ ಕಣ್ಣಿಗೆ ಬೀಳಲಿಲ್ಲ. ಯಂತ್ರದ ದೋಷಕ್ಕಿಂತ ಇದು ಹೆಚ್ಚು ಕಳವಳದ ಸಂಗತಿ.

ಕಣ್ಣಿಗೆ ಬೀಳದ ದೋಷ ಏನು ಮಾಡುತ್ತದೆಂದು ಕೊಪ್ಪಳದವರಿಗೆ ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ಲಿಂಕ್ ಕಡಿಯಿತು, ಗೇಟು ಕೊಚ್ಚಿಹೋಯಿತು. ಗಂಗಾವತಿಯ ಭತ್ತದ ಬೆಳೆಗಾರರ ಎದೆ ಝಲ್ಲೆಂದಿತು. ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ್ದು ದೊಡ್ಡ ಸಾಹಸ, ನಿಜ. ಆದರೆ ಆ ಚೈನಿನ ಸ್ಥಿತಿ ಏನಿತ್ತೆಂಬುದು ಅದು ಕಡಿಯುವ ಮೊದಲು ರೈತರಿಗೆ ಗೊತ್ತಿರಲಿಲ್ಲ.

ಕೈಗಾದ ಸಿಬ್ಬಂದಿಯ ಕೌಶಲವನ್ನು ಅನುಮಾನಿಸುವ ಮಾತಲ್ಲ ಇದು. ಅಲ್ಲಿನ ಒಂದನೇ ಘಟಕ 2018ರಲ್ಲಿ ಸತತ 962 ದಿನಗಳ ಓಟ ಪೂರೈಸಿ ವಿಶ್ವದಾಖಲೆ ಮಾಡಿತು. ಅಷ್ಟು ಸಾಮರ್ಥ್ಯವಿದ್ದವರಿಗೆ ತಪಾಸಣೆಯ ವಿವರವನ್ನು ಜನರ ಮುಂದಿಡುವುದು ಕಷ್ಟವಾಗಬಾರದು. ಕೈಗಾದ ಪ್ರತಿ ಘಟಕದಲ್ಲಿ ಎಷ್ಟು ಕೊಳವೆ ಪರೀಕ್ಷಿಸಿದರು, ಎಷ್ಟರಲ್ಲಿ ದೋಷ ಕಂಡಿತು, ಎಷ್ಟಕ್ಕೆ ಪ್ಲಗ್ ಹಾಕಿದರು ಎಂಬುದು ಕನ್ನಡದಲ್ಲಿ, ಓದಿದರೆ ಅರ್ಥವಾಗುವಂತೆ ಕೊಪ್ಪಳಕ್ಕೆ ಬರಲಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಗ್ರಾಮಸಭೆಗಳಲ್ಲೂ ಅದನ್ನು ಓದಿ ಹೇಳಲಿ. ಅದಾಗುವ ತನಕ ಅರಸಿನಕೇರಿಯಲ್ಲಿ ಒಂದು ಗುಂಟೆಯನ್ನೂ ಸ್ಥಾವರಕ್ಕೆ ಗುರುತಿಸಬಾರದು.