ಹಿಂಬಾಗಿಲಿಗೆ ಬೀಗ ಹಾಕಿದ್ರೆ ತಪ್ಪೇನು?

ಕಳೆದ ತಿಂಗಳು ನಮ್ಮ ಟೀಮಿನ ಹಳೇ ಪ್ರಾಜೆಕ್ಟನ್ನು ಜಾವಾ 8ರಿಂದ 17ಕ್ಕೆ ಏರಿಸಿದ್ವಿ. ಸರ್ವರ್ ಶುರು ಮಾಡಿದ್ದೇ ತಡ, ಎಕ್ಸೆಪ್ಶನ್‌ಗಳ ಸುರಿಮಳೆ! ಶುರುವಾಯ್ತು ನೋಡಿ ಜಾವಾಕ್ಕೆ ಬೈಗುಳ. "ಇಷ್ಟು ವರ್ಷ ನಡೀತಿದ್ದ ಕೋಡು, ಈಗ್ಯಾಕೆ ಬಾಗಿಲು ಹಾಕ್ಬೇಕಿತ್ತು?" ಅಂತ.

ಸ್ವಾಮಿ, ಅದು ನಮಗೆ ಅಂತ ಇಟ್ಟ ಬಾಗಿಲೇ ಅಲ್ಲ. ಹಳೇ ಜಾವಾದಲ್ಲಿ ಒಂದು ಲೈಬ್ರರಿಯ ಎರಡು ಪ್ಯಾಕೇಜು ಪರಸ್ಪರ ಮಾತಾಡಬೇಕಾದ್ರೆ ಕ್ಲಾಸನ್ನು ಪಬ್ಲಿಕ್ ಮಾಡಬೇಕಿತ್ತು. ಪಬ್ಲಿಕ್ ಅಂದ್ರೆ ಇಡೀ ಊರಿಗೇ ಪಬ್ಲಿಕ್. ಅಡುಗೆಮನೆಯಿಂದ ದೇವರಮನೆಗೆ ಹೋಗೋ ಬಾಗಿಲು ಬೀದಿಗೂ ತೆರೆದಿರಬೇಕು ಅಂದ ಹಾಗೆ! 2017ರಲ್ಲಿ ಜಾವಾ 9 ಮಾಡ್ಯೂಲುಗಳನ್ನು ತಂದು ಇದನ್ನ ಸರಿಮಾಡಿತು: ಯಾವ ಪ್ಯಾಕೇಜು ಹೊರಗಿನವರಿಗೆ ಅಂತ ಬರೆದವನೇ ಹೇಳಬಹುದು. ಹಾಗಂತ ಅವತ್ತೇ ಯಾರನ್ನೂ ಆಚೆ ತಳ್ಳಲಿಲ್ಲ. ರಿಫ್ಲೆಕ್ಷನ್ನಿಂದ ಹಳೇ ಒಳಪ್ಯಾಕೇಜುಗಳಿಗೆ ನುಗ್ಗಿದ್ರೆ ಬರೀ ವಾರ್ನಿಂಗ್. ಬೀಗ ಬಿದ್ದಿದ್ದು 2021ರ ಮಾರ್ಚಿನಲ್ಲಿ, 16ನೇ ಆವೃತ್ತಿಯಲ್ಲಿ. ಅದೇ ಸೆಪ್ಟೆಂಬರಿನ 17ರಲ್ಲಿ ರಿಯಾಯಿತಿಯ ಸ್ವಿಚ್ಚೂ ಹೋಯ್ತು. ನಾವೋ, ಆರಾಮಾಗಿ 8ರಲ್ಲೇ ಮಲಗಿದ್ವಿ. ಅಲ್ಲೂ 'ಇದು ಒಳಗಿನದು, ಮುಂದೆ ತೆಗೆದುಹಾಕಬಹುದು' ಅಂತ ಕಂಪೈಲರ್ ಬಡ್ಕೋತಾನೇ ಇತ್ತು.

ಜಾವಾದವರದ್ದೂ ತಪ್ಪಿದೆ, ಇಲ್ಲ ಅನ್ನಲ್ಲ. ಬೇಸ್64ನಂಥ ಸಣ್ಣ ಕೆಲಸಕ್ಕೆ ಜಾವಾ.ಯೂಟಿಲ್‌ನಲ್ಲಿ ಒಂದು ಕ್ಲಾಸು ಬಂದಿದ್ದು 2014ರಲ್ಲಿ, ಜಾವಾ 8ರ ಜೊತೆ. ಅಲ್ಲಿವರೆಗೆ ಜನ ಸನ್.ಮಿಸ್ಕ್ ಒಳಗೆ ಕೈ ಹಾಕದೆ ಇರ್ತಾರಾ? ಅದೇ ಪ್ಯಾಕೇಜಿನ 'ಅನ್‌ಸೇಫ್' ಕ್ಲಾಸಿಗೆ ಬದಲಿ ಇಲ್ಲ ಅಂತ 9ರಲ್ಲಿ ಅದನ್ನ ತೆರೆದೇ ಇಟ್ರು. ಅದು ಸರಿಯಾದ ಕ್ರಮ. ಮುಂಬಾಗಿಲು ಕಟ್ಟದೆ ಹಿಂಬಾಗಿಲು ಮುಚ್ಚಬಾರದು.

ನನಗೆ ಸಿಟ್ಟು ಬರೋದು ನಮ್ಮ 'ಪರಿಹಾರ' ನೋಡಿದಾಗ. ಸ್ಟಾರ್ಟ್ ಸ್ಕ್ರಿಪ್ಟಿನಲ್ಲಿ ಹನ್ನೊಂದು ಸಾಲು ಆ್ಯಡ್-ಓಪನ್ಸ್! ಅಂದ್ರೆ ಕಳ್ಳ ಕೀ ಮಾಡಿಸಿಕೊಂಡು ಅದನ್ನ ಅಪ್‌ಗ್ರೇಡ್ ಅಂತ ಕರೆದ್ವಿ. ನಾಳೆ ಅವರು ಹ್ಯಾಶ್‌ಮ್ಯಾಪಿನ ಒಂದು ಪ್ರೈವೇಟ್ ಫೀಲ್ಡಿನ ಹೆಸರು ಬದಲಾಯಿಸಿದ್ರೂ ನಮ್ಮ ಸರ್ವರ್ ಮಕಾಡೆ. ಆಗಲೂ ಬೈಯೋದು ಅವರನ್ನೇ. ತಮ್ಮ ಮನೆಯೊಳಗಿನ ಕಪಾಟು ಸರಿಸೋಕೂ ಅವರು ನಮ್ಮನ್ನ ಕೇಳಬೇಕಾ?

ಅಂದ ಹಾಗೆ, ಆ ಹನ್ನೊಂದರಲ್ಲಿ ಮೂರು ಸಾಲು ನಾನೇ ಹಾಕಿದ್ದು :-) ಈ ವಾರ ಒಂದನ್ನ ತೆಗೆದೆ, ಎರಡು ದಿನ ಹಿಡೀತು. ನಿಮ್ಮ ಸ್ಕ್ರಿಪ್ಟಿನಲ್ಲಿ ಎಷ್ಟಿವೆ? ಕಾಮೆಂಟಿನಲ್ಲಿ ಹೇಳಿ, ನಾಚಿಕೆ ಬೇಡ.