ಗುಣನಾಮಗಳ ಪಾಠಾಂತರ

ಹಳೆಯ ಮುದ್ರಿತ ಗ್ರಂಥಗಳನ್ನು ಸ್ಕ್ಯಾನ್ ಮಾಡಿ, ಒಸಿಆರ್ ತಂತ್ರಾಂಶದಿಂದ ಓದಿಸಿ, ಪಠ್ಯವನ್ನು ಪರಿಷ್ಕರಿಸುವ ಕಾರ್ಯ ಇಂದು ಕನ್ನಡ ಅಧ್ಯಯನದ ಅಂಗವಾಗಿದೆ. ಪ್ರತಿಯೊಂದು ಪದ ಪುಟದ ಯಾವ ಸ್ಥಾನದಲ್ಲಿದೆ, ಆ ಓದಿನಲ್ಲಿ ಯಂತ್ರಕ್ಕೆ ಎಷ್ಟು ಭರವಸೆಯಿದೆ ಎಂಬ ಟಿಪ್ಪಣಿಯನ್ನು ಪಠ್ಯದೊಡನೆಯೇ ದಾಖಲಿಸುವ ವಿನ್ಯಾಸಗಳಲ್ಲಿ ಥಾಮಸ್ ಬ್ರೂಯೆಲ್ 2007ರಲ್ಲಿ ಮಂಡಿಸಿದ ‘ಎಚ್‌ಒಸಿಆರ್’ ಒಂದು. ವಿನ್ಯಾಸ ಒಂದೇ ಆದರೂ ಅದನ್ನು ಬರೆಯುವ ತಂತ್ರಾಂಶಗಳು ಬಳಸುವ ಗುಣನಾಮಗಳು ಒಂದೇ ಆಗಿಲ್ಲ. ಇದು ತಂತ್ರಜ್ಞರ ಸಂಗತಿಯೆಂದು ಕನ್ನಡ ವಿಭಾಗಗಳು ಕೈತೊಳೆದುಕೊಳ್ಳುವಂತಿಲ್ಲ. ಮೂಲತಃ ಇದು ಗ್ರಂಥಸಂಪಾದನೆಯ ಸಮಸ್ಯೆ.

ಭರವಸೆಯ ಅಂಕಿಯನ್ನೇ ನೋಡಬಹುದು. ಟೆಸರಾಕ್ಟ್ ಇಡೀ ಪದಕ್ಕೆ ಒಂದು ಅಂಕಿ ಕೊಟ್ಟು ಅದನ್ನು ‘ಎಕ್ಸ್_ಡಬ್ಲ್ಯುಕಾನ್ಫ್’ ಎನ್ನುತ್ತದೆ. ಕ್ರಾಕೆನ್ ಪದದೊಳಗಿನ ಘಟಕಗಳಿಗೆ ಬೇರೆಬೇರೆ ಅಂಕಿ ಕೊಟ್ಟು ‘ಎಕ್ಸ್_ಕಾನ್ಫ್ಸ್’ ಎಂದು ಬಹುವಚನದಲ್ಲಿ ಬರೆಯುತ್ತದೆ. ಟೆಸರಾಕ್ಟ್‌ನಿಂದಲೇ ಅಕ್ಷರಮಟ್ಟದ ವಿವರ ಪಡೆದರೆ ಅಲ್ಲಿ ‘ಎಕ್ಸ್_ಕಾನ್ಫ್’ ಎಂಬ ಏಕವಚನ. ಒಂದು ಹೆಸರನ್ನಷ್ಟೇ ಅರಿತ ಪರಿಷ್ಕರಣ ತಂತ್ರಾಂಶ ಇನ್ನೊಂದನ್ನು ಕಂಡಾಗ ದೋಷವನ್ನು ಸೂಚಿಸದೆ ಸುಮ್ಮನೆ ದಾಟಿಹೋಗಬಹುದು. ಆಗ ದ–ಧ, ಪ–ಷಗಳ ನಡುವೆ ಯಂತ್ರ ತಡವರಿಸಿದ ಪದಗಳೂ ನಿಸ್ಸಂದಿಗ್ಧ ಪದಗಳಂತೆಯೇ ತೋರುತ್ತವೆ. ಪರಿಷ್ಕರಣಕಾರರ ಕಣ್ಣು ಅಲ್ಲಿ ನಿಲ್ಲುವುದಿಲ್ಲ. (ಅಕ್ಷರಮಟ್ಟ ಎಂಬ ಮಾತೇ ಕನ್ನಡಕ್ಕೆ ಸಲೀಸಲ್ಲ. ‘ಸ್ತ್ರೀ’ ಓದುಗನಿಗೆ ಒಂದಕ್ಷರ, ಯೂನಿಕೋಡ್‌ನಲ್ಲಿ 6 ಸಂಕೇತ.)

ಭಾಷೆಯನ್ನು ಹೇಳುವ ‘ಲ್ಯಾಂಗ್’ ಗುಣದಲ್ಲಿ ಹೆಸರು ಒಂದೇ, ಬೆಲೆ ಬೇರೆ. ಎರಡಕ್ಷರದ ಸಂಕೇತವಿರುವ ಭಾಷೆಗೆ ಅದನ್ನೇ ಬಳಸಬೇಕೆಂಬುದು ಜಾಲದ ನಿಯಮ. ಕನ್ನಡಕ್ಕೆ ಅದು ‘ಕೆಎನ್’. ಟೆಸರಾಕ್ಟ್ ತನ್ನ ಓದುಮಾದರಿಯ ಹೆಸರಾದ ‘ಕೆಎಎನ್’ ಎಂಬುದನ್ನೇ ಬರೆದಿಡುತ್ತದೆ. ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು ಪುಸ್ತಕವನ್ನು ಅದೇ ಮಾದರಿಯಿಂದ ಓದಿಸಿದರೆ ತುಳುವಿನ ಪಠ್ಯಕ್ಕೂ ಕನ್ನಡವೆಂಬ ಪಟ್ಟಿಯೇ ಅಂಟುತ್ತದೆ. ನಾಳೆ ಪದಪ್ರಯೋಗಗಳನ್ನು ಎಣಿಸುವ ಸಂಶೋಧಕನಿಗೆ ಇದು ಸಣ್ಣ ತೊಡಕಲ್ಲ.

ತಂತ್ರಾಂಶಕಾರರನ್ನಷ್ಟೇ ದೂರಿ ಪ್ರಯೋಜನವಿಲ್ಲ. ‘ಎಕ್ಸ್’ ಪೂರ್ವಪದವಿಟ್ಟು ಆಯಾ ಯಂತ್ರದ ವಿಶಿಷ್ಟ ವಿವರಗಳನ್ನು ಸೇರಿಸಲು ವಿನ್ಯಾಸವೇ ಎಡೆಮಾಡಿಕೊಟ್ಟಿದೆ. ಓಲೆಪ್ರತಿಗಳಿಗೆ ಸಂಪಾದಕರು ‘ಕ’, ‘ಗ’, ‘ಚ’ ಎಂದು ಸಂಕೇತವಿಟ್ಟಾಗಲೂ ಒಬ್ಬರ ‘ಕ’ ಪ್ರತಿ ಇನ್ನೊಬ್ಬರ ‘ಗ’ ಆಗುವುದುಂಟು. ಪೀಠಿಕೆಯಲ್ಲಿ ಪ್ರತಿಗಳ ವಿವರವಿರುವುದರಿಂದಲೇ ಗೊಂದಲವಾಗುವುದಿಲ್ಲ. ಆ ಶಿಸ್ತು ಪಠ್ಯಕಡತಕ್ಕೂ ಬೇಕು. ಓದಿಸಿದ ತಂತ್ರಾಂಶ, ಅದರ ಆವೃತ್ತಿ, ಬಳಸಿದ ಓದುಮಾದರಿ, ಗುಣನಾಮಗಳು ಮತ್ತು ಅವುಗಳ ಅರ್ಥ, ಈ ಪಟ್ಟಿ ಕಡತದ ಮೊದಲಲ್ಲೇ ಇರಬೇಕು. ಹೆಸರುಗಳನ್ನು ಏಕರೂಪಗೊಳಿಸಿದವರು ಯಂತ್ರ ಕೊಟ್ಟ ಮೂಲ ಕಡತವನ್ನು ಅಳಿಸದೆ ಜೊತೆಗಿಡಬೇಕು. ಸಂಶೋಧನ ಪ್ರಬಂಧದೊಡನೆ ಇಂಥ ಕಡತವನ್ನು ಒಪ್ಪಿಸುವ ವಿದ್ಯಾರ್ಥಿಯಿಂದ ವಿಭಾಗಗಳು ಈ ಪಟ್ಟಿಯನ್ನು ಕೇಳಿ ಪಡೆಯಲು ಹೊಸ ಯಂತ್ರವಾಗಲಿ ಹೆಚ್ಚಿನ ಅನುದಾನವಾಗಲಿ ಬೇಕಿಲ್ಲ.